ಕೈಗಡಿಯಾರದ ಮಾತು: ಅಪ್ಪನ ಜನತಾ ಪಕ್ಕದಲ್ಲಿ ಮುಳ್ಳಿಲ್ಲದ ವಾಚ್

ಪ್ರಶ್ನೆ: ಅಪ್ಪ ಹಳೇ ಬಾಗಲಕೋಟೆಯಲ್ಲಿ ಕೊಂಡ ಎಚ್‌ಎಂಟಿ ಜನತಾ ನನ್ನ ಹತ್ತಿರ ಇದೆ. ಅಂಗಡಿ ಇದ್ದ ಓಣಿ ಮುಳುಗಡೆಯಾಯಿತು, ವಾಚ್ ಉಳಿಯಿತು. ಈಗ ನನಗೆ ತ್ರಿಕೋನದ್ದು, ಮುಳ್ಳಿಲ್ಲದ್ದು, ಇಂಥ ವಿಚಿತ್ರ ವಾಚ್‌ಗಳ ಮೇಲೆ ಮನಸ್ಸು. ಅವು ಆಟಿಕೆ ಸಾಮಾನು, ಒಳ್ಳೆ ವಾಚ್ ಜೊತೆ ಇಡಬೇಡ ಅಂತಾರೆ ಗೆಳೆಯರು. ಏನು ಮಾಡಲಿ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಿ. ಬೆಳಗಾವಿಯ ಶಹಾಪುರದ ನನ್ನ ಮನೆಯಲ್ಲಿ ಹಾಗೇ ಇವೆ. ಇವತ್ತು ಎಲ್ಲರೂ ಕ್ಲಾಸಿಕ್ ಅನ್ನುವ ಕಾರ್ಟಿಯೆ ಕಂಪನಿಯ ಟ್ಯಾಂಕ್ ವಾಚ್ 1917ರದ್ದು. ಗಡಿಯಾರ ಅಂದರೆ ದುಂಡಗೇ ಇರಬೇಕು ಅನ್ನುತ್ತಿದ್ದ ಕಾಲದಲ್ಲಿ ಅದರ ಚೌಕ ಆಕಾರವೂ ವಿಚಿತ್ರವೇ. ನಿಮ್ಮ ಮನಸ್ಸಿನಲ್ಲಿರುವ ತ್ರಿಕೋನ ಬಹುಶಃ ಹ್ಯಾಮಿಲ್ಟನ್ ವೆಂಚುರಾ ಇರಬೇಕು. ಅದು ಬಂದದ್ದು 1957ರಲ್ಲಿ, ಬ್ಯಾಟರಿಯಿಂದ ಓಡುತ್ತಿತ್ತು. ಅದಾಗಿ ನಾಲ್ಕೇ ವರ್ಷಕ್ಕೆ, 1961ರಲ್ಲಿ, ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಶುರುವಾಯಿತು. ಹೆಚ್ಚುಕಡಿಮೆ ಒಂದೇ ಓರಗೆಯವು, ಅಲ್ವಾ?

ಆದರೆ ಆಕಾರಕ್ಕೆ ಮರುಳಾಗಿ ದುಡ್ಡು ಕೊಡಬೇಡಿ. ಒಳಗಿನ ಮಷೀನು ಯಾವುದು, ಅದನ್ನು ಬಿಚ್ಚುವವರು ನಿಮ್ಮ ಕಡೆ ಇದ್ದಾರಾ, ಮೊದಲು ಅದನ್ನು ಕೇಳಿ. ನಾನು ಕೇಳದೆ ಒಂದು ಜಂಪ್ ಅವರ್ ಕೊಂಡೆ. ಅದಕ್ಕೆ ಗಂಟೆಯ ಮುಳ್ಳಿಲ್ಲ. ಸಣ್ಣ ಕಿಟಕಿಯಲ್ಲಿ ಗಂಟೆಯ ಅಂಕಿ ಕಾಣುತ್ತದೆ. ದಿನಾ ಚಾವಿ ಕೊಟ್ಟರೂ ಗಂಟೆ ತುಂಬಲು ಎರಡು ನಿಮಿಷ ಬಾಕಿ ಇರುವಾಗಲೇ ನಿಂತುಬಿಡುತ್ತಿತ್ತು. ಮಾರಿದವರು ನನ್ನ ಫೋನೇ ಎತ್ತಲಿಲ್ಲ.

ಕೊನೆಗೆ ಖಡೇಬಜಾರಿನ ಒಬ್ಬ ಹಿರಿಯ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ಬಿಚ್ಚಿದರು. ಗಂಟೆ ತುಂಬುವ ಹೊತ್ತಿಗೆ ಒಳಗಿನ ಸಣ್ಣ ಸ್ಪ್ರಿಂಗ್ ಪೂರ್ತಿ ಬಿಗಿಯಾಗಿರುತ್ತದೆ, ಆಗಲೇ ಮಷೀನಿಗೆ ಜಾಸ್ತಿ ಭಾರ. ನನ್ನದರಲ್ಲಿ ಎಣ್ಣೆ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು. ತೊಳೆದು ಹೊಸ ಎಣ್ಣೆ ಹಾಕಿ ನನ್ನ ಕೈಗೆ ಕೊಟ್ಟರು. ಅಲ್ಲೇ ಸ್ಟೂಲಿನ ಮೇಲೆ ಕೂತು ಕಾದೆವು. 58, 59… ಟಕ್! ಕಿಟಕಿಯಲ್ಲಿ 4 ಹೋಗಿ 5 ಕೂತಿತು. ಇಬ್ಬರೂ ಮಾತಾಡಲಿಲ್ಲ, ಇನ್ನೊಂದು ಸಲ ನೋಡೋಣ ಅಂತ ಮತ್ತೆ ಒಂದು ತಾಸು ಕೂತೆವು.

ಹಾಗಾಗಿ ಚಾವಿ ಕೊಡುವ ಜಂಪ್ ಅವರ್‌ನಿಂದಲೇ ಶುರು ಮಾಡಿ ಅಂತ ನನ್ನ ಸಲಹೆ. ಕೊಳ್ಳುವ ಮುಂಚೆ ಗಂಟೆ ಬದಲಾಗುವವರೆಗೂ ಕಾದು ನೋಡಿ. ಬುಲೋವಾ ಆಕ್ಯುಟ್ರಾನ್ ಸದ್ಯಕ್ಕೆ ಬೇಡ. 1960ರಲ್ಲಿ ಬಂದ ಆ ವಾಚ್ ನನಗೂ ಬಹಳ ಇಷ್ಟ. ಒಳಗೆ ಸೆಕೆಂಡಿಗೆ 360 ಸಲ ನಡುಗುವ ಪುಟ್ಟ ಕವೆ (ಟ್ಯೂನಿಂಗ್ ಫೋರ್ಕ್) ಇದೆ, ಕಿವಿಗೆ ಹಿಡಿದರೆ ಟಿಕ್ ಟಿಕ್ ಬದಲು ದುಂಬಿಯ ಗುಂಯ್ ಸದ್ದು. ಆದರೆ ಅದು ಆಗಿನ 1.35 ವೋಲ್ಟಿನ ಪಾದರಸದ ಸೆಲ್‌ಗೆ ಮಾಡಿದ್ದು. ಈಗಿನ 1.55 ವೋಲ್ಟಿನ ಸೆಲ್ ಹಾಕಿದರೆ ಲೆಕ್ಕ ತಪ್ಪಿ ಮುಂದೆ ಓಡುವುದುಂಟು. ಸರಿಮಾಡುವ ಕೈ ಸಿಗುವುದು ಕಷ್ಟ.

ಇನ್ನು ಜನತಾ. ಅದರ ಡಯಲ್ ಹಳದಿಯಾಗಿದ್ದರೆ ಹಾಗೇ ಬಿಡಿ, ಬಣ್ಣ ಹೊಡೆಸಬೇಡಿ. ಓಣಿಯ ಹೆಸರಿರುವ ಬಿಲ್ಲು ಮನೆಯಲ್ಲಿ ಸಿಕ್ಕರೆ ಅದನ್ನೂ ವಾಚ್ ಜೊತೆಗೇ ಇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕಿತ್ತಳೆ ಡಯಲ್ಲಿನ ಎಚ್‌ಎಂಟಿ ಪೈಲಟ್, 'ಹೊಸದು' ಅಂತ ಅಗ್ಗಕ್ಕೆ ಇದೆ. ಕೊಳ್ಳಲಾ?
– ಓದುಗರು, ವಿಜಯಪುರ

ಉತ್ತರ: ಬೇಡ. ಪೈಲಟ್ ಅಂದರೆ ನಮಗೆ ಗೊತ್ತಿರುವುದು ಕಪ್ಪು ಡಯಲ್. ಅಂಥ ಬಣ್ಣದವು ಹೆಚ್ಚಾಗಿ ಹಳೇ ವಾಚ್‌ಗೆ ಬಣ್ಣ ಬಳಿದು ಮಾರುವವು. ಫೋಟೋ ದೊಡ್ಡದು ಮಾಡಿ ಅಕ್ಷರ ನೋಡಿ, ಅಂಚು ಒರಟಾಗಿ ಹರಡಿದ್ದರೆ ಕೈಬಿಡಿ. ಹಿಂದಿನ ಮುಚ್ಚಳ ತೆಗೆದ ಫೋಟೋನೂ ಕೇಳಿ. ಕಳಿಸದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ.