ದೇವರ ಚಿತ್ತವೋ, ನನ್ನ ತಪ್ಪೋ?

ಪ್ರಶ್ನೆ: ಕೊಡಗಿನ ಮಾದಾಪುರದ ಕಡೆ ನಮಗೆ ಸ್ವಲ್ಪ ಕಾಫಿ ತೋಟ ಇದೆ. ನಾವು ಕ್ರೈಸ್ತರು. ತೋಟದ ಮೇಲ್ಭಾಗಕ್ಕೆ ದಾರಿ ಮಾಡಲು ಜೆಸಿಬಿ ತರಿಸಿ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿಸಿದ್ದೆ. ಅಣ್ಣ ಬೇಡ ಅಂದಿದ್ದರು. 2018ರ ಆಗಸ್ಟ್ ಮಳೆಗೆ ಅಲ್ಲೇ ಜರಿದು, ಕೆಳಗಿದ್ದ ಅಣ್ಣನ ಕಾಫಿ ಗಿಡಗಳೆಲ್ಲ ಮಣ್ಣುಪಾಲಾದವು. ಚರ್ಚಿನಲ್ಲಿ ಎಲ್ಲರೂ 'ದೇವರ ಚಿತ್ತ' ಅಂದರು. ಹಾಗಾದರೆ ನನ್ನ ತಪ್ಪು ಎಲ್ಲಿ ಬಂತು? ನನ್ನದೇ ತಪ್ಪಾದರೆ ದೇವರ ಆಳ್ವಿಕೆ ಎಲ್ಲಿ ಹೋಯಿತು? ಅಣ್ಣ ಈಗಲೂ ಸರಿಯಾಗಿ ಮಾತಾಡುತ್ತಿಲ್ಲ.

ಉತ್ತರ: ಇಷ್ಟು ವರ್ಷ ಇದನ್ನು ಒಬ್ಬರೇ ಹೊತ್ತುಕೊಂಡಿದ್ದೀರಿ, ಅಲ್ವಾ? ನಿಮ್ಮ ಎರಡೂ ಪ್ರಶ್ನೆಗಳು ಬೈಬಲ್‌ನಲ್ಲಿ ಒಂದೇ ಕಡೆ ಸೇರುತ್ತವೆ. ಅದೂ ಅಣ್ಣತಮ್ಮಂದಿರ ಕಥೆಯಲ್ಲೇ.

ಯೋಸೇಫನನ್ನು ಅವನ ಅಣ್ಣಂದಿರು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಐಗುಪ್ತದಲ್ಲಿ ಅವನು ಗುಲಾಮನಾದ, ಸೆರೆಮನೆ ಕಂಡ, ಕೊನೆಗೆ ಫರೋಹನ ಅಧಿಕಾರಿಯಾದ. ಬರಗಾಲ ಬಂದಾಗ ಅದೇ ಅಣ್ಣಂದಿರಿಗೆ ಧಾನ್ಯ ಕೊಟ್ಟ. ಆದಿಕಾಂಡ 50:20ರಲ್ಲಿ ಅವನು ಹೇಳುವ ಮಾತಿನ ಸಾರ ಇದು: ನೀವು ನನಗೆ ಕೇಡು ಬಯಸಿದಿರಿ, ದೇವರು ಅದರಲ್ಲೇ ಒಳ್ಳೆಯದನ್ನು ಬಯಸಿದರು. ನೀವೇನೂ ಮಾಡಲಿಲ್ಲ, ಎಲ್ಲ ದೇವರೇ ಮಾಡಿಸಿದ್ದು ಎಂದು ಅವನು ಅಣ್ಣಂದಿರ ತಪ್ಪನ್ನು ಅಳಿಸಲಿಲ್ಲ. ದೇವರು ಆಮೇಲೆ ಬಂದು ಸರಿಮಾಡಿದರು ಎಂದೂ ಹೇಳಲಿಲ್ಲ. ನಡೆದದ್ದು ಒಂದೇ. ಅದರೊಳಗೆ ಮನುಷ್ಯರ ಮನಸ್ಸೂ ಇತ್ತು, ದೇವರ ಮನಸ್ಸೂ ಇತ್ತು.

ಈ ಎರಡೂ ಒಟ್ಟಿಗೆ ಇರುವುದು ಹೇಗೆ ಎಂಬ ವಾದ ಕ್ರೈಸ್ತರಲ್ಲಿ ಬಹಳ ಹಳೆಯದು. 5ನೇ ಶತಮಾನದಲ್ಲಿ, ಮನುಷ್ಯ ತನ್ನ ಇಚ್ಛೆಯಿಂದಲೇ ಒಳ್ಳೆಯದನ್ನು ಮಾಡಬಲ್ಲ ಎಂದ ಪೆಲೇಜಿಯಸ್ ಮತ್ತು ಅದಕ್ಕೆ ದೇವರ ಕೃಪೆ ಬೇಕೇಬೇಕು ಎಂದ ಅಗಸ್ಟಿನ್ ನಡುವೆ ನಡೆಯಿತು. 1524ರಲ್ಲಿ ವಿದ್ವಾಂಸ ಎರಾಸ್ಮಸ್ ಮನುಷ್ಯನ ಸ್ವತಂತ್ರ ಇಚ್ಛೆಯ ಪರ ಬರೆದರೆ, ಮರುವರ್ಷವೇ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಅದು ಪಾಪದ ಬಂಧನದಲ್ಲಿದೆ ಎಂದು ಉತ್ತರಿಸಿದರು. ಪಾಪದಿಂದ ಆ ಇಚ್ಛೆ ಸೊರಗಿದೆ, ಅಳಿದಿಲ್ಲ ಎಂದು ಕ್ಯಾಥೋಲಿಕ್ ಸಭೆ 1547ರಲ್ಲಿ ಟ್ರೆಂಟ್ ನಗರದ ಮಹಾಸಭೆಯಲ್ಲಿ ಹೇಳಿತು. ಆದರೆ 'ನೀನು ಮಾಡಿದ್ದಕ್ಕೆ ನೀನು ಹೊಣೆಯಲ್ಲ' ಎಂದು ಇವರಲ್ಲಿ ಯಾರೂ ಹೇಳಲಿಲ್ಲ.

ತೋಟದ ಮಾತಿನಲ್ಲಿ ಹೇಳುವುದಾದರೆ, ಕಪಾತು (ಗಿಡದ ಕೊಂಬೆ ಕತ್ತರಿಸುವುದು) ನಮ್ಮ ಕೆಲಸ, ಕಾಫಿ ಹೂ ಅರಳಿಸುವ ಹೂಮಳೆ ದೇವರ ಕೈಯಲ್ಲಿ. ನಾನೂ ಮೊದಲು ಹೀಗೇ ವಿವರಿಸುತ್ತಿದ್ದೆ. ಈಗ ಅದು ಸಾಲದು ಅನಿಸುತ್ತದೆ. ಇಲ್ಲಿ ಅರ್ಧ ದೇವರದು, ಅರ್ಧ ನಮ್ಮದು ಎಂದು ಪಾಲು ಮಾಡಿದ ಹಾಗಾಗುತ್ತದೆ. ಪೌಲ ಫಿಲಿಪ್ಪಿಯವರಿಗೆ (2:12-13) ಬರೆದದ್ದು ಇನ್ನೂ ಆಳವಾದದ್ದು. ನೀವು ದುಡಿಯಿರಿ, ಏಕೆಂದರೆ ನಿಮ್ಮೊಳಗೆ ಆ ಮನಸ್ಸನ್ನೂ ಹುಟ್ಟಿಸುವವರು ದೇವರೇ ಎನ್ನುತ್ತಾನೆ.

ಜರಿದದ್ದು ನಿಮ್ಮ ಪಾಪಕ್ಕೆ ಸಿಕ್ಕ ಶಿಕ್ಷೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯೆರೂಸಲೇಮಿನ ಸಿಲೋವಾದಲ್ಲಿ ಗೋಪುರ ಬಿದ್ದು 18 ಮಂದಿ ಸತ್ತಾಗ, ಅವರೇನೂ ಉಳಿದವರಿಗಿಂತ ಜಾಸ್ತಿ ಪಾಪಿಗಳಲ್ಲ ಎಂದು ಯೇಸುವೇ ಹೇಳಿದರು. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲೂ ಗುಡ್ಡ ಜರಿಯಿತು. ಆ ಮಳೆ ನಿಮ್ಮದಲ್ಲ. ಬೇಡ ಅಂದರೂ ಬರೆ ಕಡಿಸಿದ್ದು ಮಾತ್ರ ನಿಮ್ಮದು.

ಇನ್ನೊಂದು ಗಮನಿಸಿ. 'ದೇವರು ಒಳ್ಳೆಯದನ್ನು ಬಯಸಿದರು' ಎಂದವನು ನೋವು ತಿಂದ ಯೋಸೇಫ. ಮಾರಿದ ಅಣ್ಣಂದಿರು ಆ ಮಾತು ಆಡಲಿಲ್ಲ, ಕ್ಷಮಿಸು ಎಂದು ಕೇಳಿಕೊಂಡರು. ನಿಮ್ಮ ಮನೆಯಲ್ಲಿ ಯೋಸೇಫನ ಜಾಗದಲ್ಲಿ ಇರುವವರು ನಿಮ್ಮ ಅಣ್ಣ. ಅವರ ಹತ್ತಿರ ಹೋಗಿ, 'ನಿಮ್ಮ ಮಾತು ಕೇಳದೆ ಕಡಿಸಿದ್ದು ನಾನೇ ಅಣ್ಣಾ' ಎಂದಷ್ಟೇ ಹೇಳಿ. ದೇವರ ಚಿತ್ತದ ಮಾತು ಅವರ ಬಾಯಿಂದ ಬಂದರೆ ಬರಲಿ, ನೀವಾಗಿ ಎತ್ತಬೇಡಿ.