ಮದುವೆಗೆ ಐಲ್ಯಾಶ್ ಎಕ್ಸ್‌ಟೆನ್ಷನ್: ಅರಿಶಿನ ಶಾಸ್ತ್ರಕ್ಕೆ ಮುಂಚೆಯೋ, ಆಮೇಲೋ?

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಐಲ್ಯಾಶ್ ಎಕ್ಸ್‌ಟೆನ್ಷನ್ (ರೆಪ್ಪೆ ಕೂದಲಿಗೆ ಅಂಟಿಸುವ ಕೃತಕ ಎಳೆ) ಹಾಕಿಸಿಕೊಳ್ಳುವ ಆಸೆ. ಆದರೆ ನೀರು ತಾಗಿಸಲೇಬಾರದು ಅಂತಾರೆ. ಅರಿಶಿನ ಶಾಸ್ತ್ರ, ಎಣ್ಣೆ ಸ್ನಾನ ಎಲ್ಲ ಇದೆ. ಹೇಗೆ ಸಂಭಾಳಿಸಲಿ?

ಹಾಕಿಸಿಕೊಳ್ಳಿ, ಆದರೆ ಅರಿಶಿನ ಶಾಸ್ತ್ರ ಮುಗಿದ ಮೇಲೆ. ಮತ್ತೆ, ಹೆದರಬೇಕಾದದ್ದು ಎಣ್ಣೆಗೆ, ನೀರಿಗಲ್ಲ. ಇದು ನನಗೆ ಗೊತ್ತಾಗಿದ್ದು ಎಡವಟ್ಟು ಮಾಡಿಕೊಂಡ ಮೇಲೇ.

ನಾನು ಮೊದಲ ಸಲ ಹಾಕಿಸಿಕೊಂಡಿದ್ದು ತಂಗಿಯ ಮದುವೆಗೆ. ಪಾರ್ಲರ್‌ನವರು 24 ಗಂಟೆ ನೀರು ಸೋಕಿಸಬೇಡಿ ಅಂದಿದ್ದರು. ನಾನು ಅದನ್ನು ಒಂಬತ್ತು ದಿನಕ್ಕೆ ಎಳೆದೆ. ಅಷ್ಟು ದುಡ್ಡು ಕೊಟ್ಟು, ಎರಡು ಗಂಟೆ ಕಣ್ಣು ಮುಚ್ಚಿ ಮಲಗಿ ಹಾಕಿಸಿಕೊಂಡದ್ದು ಉದುರಿಹೋದರೆ ಅಂತ ಭಯ. ಒದ್ದೆ ಬಟ್ಟೆಯಲ್ಲಿ ಮೂಗು, ಕೆನ್ನೆ ಮಾತ್ರ ಒರೆಸಿಕೊಳ್ಳುತ್ತಿದ್ದೆ. ಆಮೇಲೆ ಕಣ್ಣು ಕಡಿಯೋಕೆ ಶುರುವಾಯಿತು. ಕನ್ನಡಿ ಹತ್ತಿರ ಹಿಡಿದು ನೋಡಿದರೆ ರೆಪ್ಪೆ ಕೂದಲ ಬುಡದಲ್ಲಿ ತಲೆಹೊಟ್ಟಿನಂಥ ಬಿಳಿ ಪುಡಿ, ಅಂಚೆಲ್ಲ ಕೆಂಪು. ಕಣ್ಣಿನ ಡಾಕ್ಟರ್ ಲೈಟ್ ಬಿಟ್ಟು ನೋಡಿ ಕೇಳಿದ ಮೊದಲ ಮಾತು: "ಮುಖ ತೊಳೆಯಲ್ವೇನಮ್ಮಾ?" ಬ್ಲೆಫರೈಟಿಸ್ ಅಂತೆ, ರೆಪ್ಪೆಯಂಚಿನ ಉರಿಯೂತ. ಪೂರ್ತಿ ತೆಗೆಸಿ, ಡ್ರಾಪ್ಸ್ ಹಾಕಿಕೊಂಡು ತಿರುಗಾಡಿದೆ.

ನೀರಿನ ಭಯ ಯಾಕೆ ಸುಳ್ಳು ಅಂದರೆ, ಈ ಅಂಟು ಸಯನೋಆಕ್ರಿಲೇಟ್. ಫೆವಿಕ್ವಿಕ್ ಕುಲದ್ದೇ. (ಹಾಗಂತ ಮನೆಯಲ್ಲಿ ಫೆವಿಕ್ವಿಕ್ ಪ್ರಯೋಗ ಬೇಡ, ಕಣ್ಣಿಗೇ ಅಪಾಯ.) ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಒಮ್ಮೆ ಪೂರ್ತಿ ಗಟ್ಟಿಯಾದ ಮೇಲೆ ಮುಖ ತೊಳೆಯುವ ನೀರು ಏನೂ ಮಾಡುವುದಿಲ್ಲ. ಎಣ್ಣೆ ಹಾಗಲ್ಲ. ಕೂದಲ ಮೇಲೆ ಜಿಡ್ಡಿದ್ದರೆ ಅಂಟು ಹಿಡಿಯುವುದೇ ಇಲ್ಲ, ಹಾಕಿಸಿದ ಮೇಲೆ ದಿನಾ ಎಣ್ಣೆ ತಾಗುತ್ತಿದ್ದರೆ ಬೇಗ ಸಡಿಲವಾಗುತ್ತದೆ.

ನಿಮ್ಮ ತಿಂಗಳನ್ನು ಹೀಗೆ ಬಳಸಿಕೊಳ್ಳಿ. ಈ ವಾರವೇ ಹೋಗಿ ಪ್ಯಾಚ್ ಟೆಸ್ಟ್ ಮಾಡಿಸಿ, ಅಂದರೆ ಅಂಟು ನಿಮಗೆ ಒಗ್ಗುತ್ತದಾ ಅನ್ನುವ ಪರೀಕ್ಷೆ. ಕಣ್ಣಿನ ಮೂಲೆಯಲ್ಲಿ ಮೂರ್ನಾಲ್ಕು ಎಳೆ ಅಂಟಿಸಿ ಎರಡು ದಿನ ಕಾಯುವುದು, ಅಷ್ಟೇ. ಇದನ್ನು ದಯವಿಟ್ಟು ಬಿಡಬೇಡಿ. ನನ್ನ ಚಿಕ್ಕಮ್ಮನ ಮಗಳು ಸುಮ್ನೆ ಯಾಕೆ ಎರಡು ಸಲ ಓಡಾಟ ಅಂತ ನೇರವಾಗಿ ಪೂರ್ತಿ ಹಾಕಿಸಿಕೊಂಡಳು. ಮಾರನೇ ದಿನ ಬೆಳಗ್ಗೆ ರೆಪ್ಪೆಗಳು ಕಜ್ಜಾಯದ ಹಾಗೆ ಊದಿಕೊಂಡು ಕಣ್ಣೇ ಕಾಣಿಸುತ್ತಿರಲಿಲ್ಲ. ಹಾಕಿಸಿದ ದಿನ ಅಂಟಿನ ಹಬೆಗೆ ಸ್ವಲ್ಪ ಕೆಂಪಾಗಿ ಸಂಜೆಗೆ ಇಳಿದರೆ ಪರವಾಗಿಲ್ಲ. ಮಾರನೇ ದಿನ ಊತ, ಕಡಿತ ಎರಡೂ ಬಂದರೆ ಅದು ಬಹುಪಾಲು ಅಲರ್ಜಿ. ತೆಗೆಸಿಬಿಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ, ಮತ್ತೆ ಆ ಕಡೆ ಹೋಗಬೇಡಿ. ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು.

ಅರಿಶಿನ ಶಾಸ್ತ್ರ ಆದ ಮೇಲೆ ಚೆನ್ನಾಗಿ ತಲೆಗೆ ಸ್ನಾನ ಮಾಡಿ, ಮುಖದ ಜಿಡ್ಡೆಲ್ಲ ಹೋದ ಮೇಲೆ ಹಾಕಿಸಿಕೊಳ್ಳಿ. ಧಾರೆಗೆ ಒಂದು ದಿನವಾದರೂ ಮುಂಚೆ ಇರಲಿ. ನಿಮ್ಮಲ್ಲಿ ಶಾಸ್ತ್ರ ಹಿಂದಿನ ಸಂಜೆಯೇ ಇದ್ದರೆ ಮುಂಚೆಯೇ ಹಾಕಿಸಬೇಕಾಗುತ್ತದೆ, ಬೇರೆ ದಾರಿ ಇಲ್ಲ. ಆಗ ಅತ್ತೆ, ಚಿಕ್ಕಮ್ಮಂದಿರಿಗೆ "ಕೆನ್ನೆ, ಕೈಕಾಲಿಗೆ ಹಚ್ಚಿ, ಕಣ್ಣಿನ ಹತ್ತಿರ ಬೇಡ" ಅಂತ ಬಾಯಿಬಿಟ್ಟು ಹೇಳಿ. ನಾಚಿಕೆಪಟ್ಟರೆ ಯಾರಾದರೂ ಒಬ್ಬರು ಪ್ರೀತಿಯಿಂದ ಹಣೆಯಿಂದ ಗಲ್ಲದವರೆಗೆ ಬಳಿದೇ ಬಳಿಯುತ್ತಾರೆ. ತಲೆಗೆ ನೀರು ಹಾಕುವಾಗ ಮುಖ ಮೇಲೆತ್ತಿ ಕೂತರೆ ಎಣ್ಣೆ ನೀರು ಹಿಂದಕ್ಕೆ ಹೋಗುತ್ತದೆ.

ಇನ್ನು ಹಾಕಿಸುವಾಗ ಕ್ಲಾಸಿಕ್ ಕೇಳಿ, ಅಂದರೆ ಒಂದು ಕೂದಲಿಗೆ ಒಂದು ಎಳೆ. ವಾಲ್ಯೂಮ್ ಅಂದರೆ ತೆಳು ಎಳೆಗಳ ಪುಟ್ಟ ಬೀಸಣಿಗೆ, ಫೋಟೋದಲ್ಲಿ ತುಂಬಿಕೊಂಡು ಕಾಣುತ್ತದೆ, ಎದುರಿಗೆ ನಿಂತವರಿಗೆ ಸ್ವಲ್ಪ ಜಾಸ್ತಿ ಅನಿಸಬಹುದು. ಕನ್ನಡಕ ಇದ್ದರೆ ಹಾಕಿಕೊಂಡೇ ಹೋಗಿ. ನಾನು 13 ಮಿ.ಮೀ. ಉದ್ದದ್ದು ಹಾಕಿಸಿಕೊಂಡು, ಕಣ್ಣು ಮಿಟುಕಿಸಿದಾಗಲೆಲ್ಲ ಗಾಜು ಗುಡಿಸುತ್ತಿದ್ದೆ. ಈಗ 10 ದಾಟುವುದಿಲ್ಲ. ಮಿಂಕ್, ಸಿಲ್ಕ್ ಅಂತ ಹೆಸರು ಹೇಳಿ ದುಡ್ಡು ಜಾಸ್ತಿ ಕೇಳಿದರೆ ಮರುಳಾಗಬೇಡಿ, ಹೆಚ್ಚಿನವು ಪಿಬಿಟಿ ಅನ್ನುವ ಪ್ಲಾಸ್ಟಿಕ್ ಎಳೆಗಳೇ. ಪ್ಲಾಸ್ಟಿಕ್ ಆದ್ದರಿಂದಲೇ ಬೆಂಕಿಯ ಬಿಸಿಗೆ ಸುರುಟಿಕೊಳ್ಳುತ್ತವೆ. ಹೋಮದಲ್ಲಿ ತುಪ್ಪ ಹಾಕುವಾಗ ಮುಖ ಮುಂದೆ ಬಾಗಿಸಬೇಡಿ. ಹೊಗೆಗೆ ಕಣ್ಣೀರು ಬಂದರೆ ಬರಲಿ, ಸೆರಗಿನಿಂದ ಉಜ್ಜಬೇಡಿ, ಟಿಶ್ಯೂ ಒತ್ತಿ ಸಾಕು.

ಒಂದು ದಿನ ಕಳೆದ ಮೇಲೆ ದಿನಾ ತೊಳೆಯಲೇಬೇಕು. ಎಣ್ಣೆ ಇಲ್ಲದ ಲ್ಯಾಶ್ ಕ್ಲೆನ್ಸರ್ ನೊರೆಯಾಗಿ ಬರುತ್ತದೆ. ಕಣ್ಣು ಮುಚ್ಚಿ, ನೊರೆಯನ್ನು ಬೆರಳ ತುದಿಯಲ್ಲಿ ತಗೊಂಡು, ಬುಡದಿಂದ ತುದಿಗೆ ಮೆಲ್ಲಗೆ ಸವರಿ ನೀರಿನಲ್ಲಿ ತೊಳೆಯಿರಿ. ಟರ್ಕಿ ಟವೆಲ್ ಹತ್ತಿರ ತರಬೇಡಿ, ಅದರ ದಾರದ ಕುಣಿಕೆಗೆ ಎಳೆ ಸಿಕ್ಕಿ ಕಿತ್ತು ಬರುತ್ತದೆ. ಒಣಗಿದ ಮೇಲೆ ಪುಟ್ಟ ಬ್ರಷ್‌ನಿಂದ ಬಾಚಿ. ಮನೆಯಲ್ಲಿ ಹರಳೆಣ್ಣೆ ದೀಪದ ಕಾಡಿಗೆ ಹಚ್ಚುವ ಅಭ್ಯಾಸ ಇದ್ದರೆ ಅಷ್ಟು ದಿನ ನಿಲ್ಲಿಸಿ. ಮೇಕಪ್‌ನವರಿಗೂ ಮುಂಚೆಯೇ ಹೇಳಿಡಿ: ವಾಟರ್‌ಪ್ರೂಫ್ ಮಸ್ಕರಾ ಬೇಡ, ಮೇಲೊಂದು ಪಟ್ಟಿ ರೆಪ್ಪೆ (ಒಂದೇ ಪಟ್ಟಿಯಾಗಿ ಅಂಟಿಸಿ ತೆಗೆಯುವ ಕೃತಕ ರೆಪ್ಪೆ) ಬೇಡ, ತೆಗೆಯುವಾಗ ಎಣ್ಣೆಯ ರಿಮೂವರ್ ಬೇಡ.

ದಿನಕ್ಕೆ ಎರಡು, ಮೂರು ಉದುರುತ್ತವೆ. ಗಾಬರಿಯಾಗಬೇಡಿ. ಉದುರಿದ್ದನ್ನು ಅಂಗೈಯಲ್ಲಿ ಇಟ್ಟು ನೋಡಿ, ದಪ್ಪ ಕಪ್ಪು ಎಳೆಯ ಜೊತೆ ನಿಮ್ಮದೇ ಸಣ್ಣ ಕೂದಲು ಅಂಟಿಕೊಂಡಿರುತ್ತದೆ. ರೆಪ್ಪೆ ಕೂದಲು ಹೇಗಿದ್ದರೂ ಉದುರಿ ಹೊಸದು ಬರುತ್ತಿರುತ್ತದೆ, ಹೋಗುವಾಗ ಇದನ್ನೂ ಕರೆದುಕೊಂಡು ಹೋಗುತ್ತದೆ. ಅದಕ್ಕೇ ಎರಡು ಮೂರು ವಾರಕ್ಕೊಮ್ಮೆ ರೀಫಿಲ್, ಅಂದರೆ ಉದುರಿದ ಕಡೆ ಹೊಸ ಎಳೆ ತುಂಬಿಸುವುದು, ಬೇಕಾಗುವುದು. ನಿಮ್ಮ ಕೂದಲಿಲ್ಲದೆ ಬರೀ ಎಳೆಗಳೇ ಮೊದಲ ವಾರದಲ್ಲಿ ರಾಶಿ ಬಿದ್ದರೆ ಮಾತ್ರ ಅಂಟಿಸಿದವರನ್ನು ಕೇಳಿ.

ನಿಜ ಹೇಳಬೇಕಂದರೆ, ಧಾರೆ, ಆರತಕ್ಷತೆ ಎರಡೇ ದಿನದ ಫೋಟೋಗೆ ಅಂತಾದರೆ ಮೇಕಪ್‌ನವರು ಹಚ್ಚುವ ಪಟ್ಟಿ ರೆಪ್ಪೆಯೇ ಸಾಕು, ರಾತ್ರಿ ತೆಗೆದಿಟ್ಟರಾಯಿತು. ಮದುವೆ ಮುಗಿದು ಊರು ಸುತ್ತುವಾಗಲೂ ಎದ್ದ ತಕ್ಷಣ ಕಣ್ಣು ತುಂಬಿ ಕಾಣಬೇಕು ಅನ್ನುವ ಆಸೆಯಿದ್ದರೆ ಎಕ್ಸ್‌ಟೆನ್ಷನ್. ಸಾಕಾದಾಗ ಮಾತ್ರ ಕೈಯಲ್ಲಿ ಕೀಳಬೇಡಿ. ನಾನು ಟಿವಿ ನೋಡುತ್ತಾ ಸುಮ್ನೆ ಒಂದೊಂದೇ ಎಳೆಯುತ್ತಾ ಕೂತು, ಎಡಗಣ್ಣಿನ ತುದಿಯಲ್ಲಿ ಬೋಳು ಮಾಡಿಕೊಂಡಿದ್ದೆ. ಅದು ತುಂಬಿಕೊಳ್ಳೋಕೆ ಎರಡು ತಿಂಗಳ ಮೇಲೇ ಬೇಕಾಯಿತು. ಹಾಕಿಸಿದ ಕಡೆಯೇ ಹೋಗಿ, ಕ್ರೀಮ್ ಹಚ್ಚಿ ಸಡಿಲ ಮಾಡಿ ತೆಗೆಯುತ್ತಾರೆ.