ಯುದ್ಧದ ಮಾತು ಚುನಾವಣೆಯಲ್ಲಿ ಬೇಡವೇ?

ಹಾಸನ ಜಿಲ್ಲೆಯ ಓದುಗರೊಬ್ಬರು ಆರು ಪುಟದ ಕಾಗದ ಬರೆದಿದ್ದಾರೆ. ಸೈನ್ಯದಲ್ಲಿ 28 ವರ್ಷ ಇದ್ದು ಸುಬೇದಾರರಾಗಿ ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ. 2024ರಲ್ಲಿ ನ್ಯೂಜೆರ್ಸಿಯ ಮಗನ ಮನೆಯಲ್ಲಿದ್ದಾಗ, ಸೆಪ್ಟೆಂಬರ್ 10ರ ರಾತ್ರಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ನಡುವಿನ ಚರ್ಚೆಯನ್ನು ಮಗ, ಸೊಸೆ, ಮೊಮ್ಮಗಳ ಜೊತೆ ಕೂತು ನೋಡಿದರಂತೆ. ಅವರ ಮಾತು ಇದು: ‘ಉಕ್ರೇನಿನಲ್ಲಿ ಯುದ್ಧ ನಡೀತಿದೆ. ಕಾಬೂಲಿನಲ್ಲಿ ಸತ್ತ ಸೈನಿಕರ ಮನೆಯವರ ಕಣ್ಣೀರು ಇನ್ನೂ ಆರಿಲ್ಲ. ಇಂಥ ಹೊತ್ತಲ್ಲಿ ದೇಶದ ಭದ್ರತೆಯನ್ನು ಟಿವಿ ಮುಂದೆ ಹರಾಜಿಗೆ ಇಡೋದಾ? ಶತ್ರುಗಳೂ ನೋಡ್ತಿರ್ತಾರೆ ಅಲ್ವಾ? ಬೆಲೆ ಏರಿಕೆ, ಕೆಲಸ, ಆಸ್ಪತ್ರೆ ಬಗ್ಗೆ ಕಿತ್ತಾಡಲಿ, ಬೇಡ ಅನ್ನಲ್ಲ. ಭದ್ರತೆಯನ್ನು ಚುನಾವಣೆಯಿಂದ ಹೊರಗಿಡಬೇಕು. ಆ ಚರ್ಚೆಗೆ ನೀವು ನಿಮ್ಮ ಪತ್ರಿಕೆಯಲ್ಲಿ ನಾಲ್ಕು ಪುಟ ಕೊಟ್ಟಿದ್ದು ತಪ್ಪು.’

ಸುಬೇದಾರರೇ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಗಡಿ ಕಾದವರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ನಿಮ್ಮ ಮಾತಿಗೆ ಆಧಾರವೂ ಇದೆ. 1944ರ ಸೆಪ್ಟೆಂಬರ್‌ನಲ್ಲಿ ನಡೆದದ್ದು ಕೇಳಿ. ಚುನಾವಣೆಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ವಿರುದ್ಧ ನ್ಯೂಯಾರ್ಕ್ ಗವರ್ನರ್ ಥಾಮಸ್ ಡ್ಯೂಯಿ ನಿಂತಿದ್ದರು. ಅವರು ಪ್ರಚಾರಕ್ಕೆಂದು ಓಕ್ಲಹೋಮಾದ ಟಲ್ಸಾದಲ್ಲಿದ್ದಾಗ, ಮಾಮೂಲಿ ಬಟ್ಟೆ ತೊಟ್ಟ ಸೇನಾಧಿಕಾರಿಯೊಬ್ಬರು ಒಂದು ಲಕೋಟೆ ಹಿಡಿದು ಬಂದರು. ಕಳಿಸಿದವರು ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್. ಒಳಗಿನ ವಿಷಯ ಯಾರಿಗೂ ಹೇಳುವುದಿಲ್ಲ ಅಂತ ಒಪ್ಪಿದರೆ ಮಾತ್ರ ಮುಂದೆ ಓದಿ ಅಂತ ಬರೆದಿತ್ತು. ಡ್ಯೂಯಿ ಅಲ್ಲಿಗೇ ನಿಲ್ಲಿಸಿ ಕಾಗದ ವಾಪಸ್ ಕೊಟ್ಟರು. ಎರಡನೇ ಕಾಗದ ಅವರ ರಾಜ್ಯದ ರಾಜಧಾನಿ ಆಲ್ಬನಿಗೆ ಹೋಯಿತು. ಜಪಾನಿನ ಗುಪ್ತ ಸಂಕೇತಗಳನ್ನು ಅಮೆರಿಕ ಒಡೆದು ಓದುತ್ತಿದೆ, 1941ರಲ್ಲಿ ಜಪಾನ್ ದಾಳಿ ಮಾಡಿದ ಪರ್ಲ್ ಹಾರ್ಬರ್ ನೌಕಾನೆಲೆಯ ವಿಷಯ ಎತ್ತಿ ಅದನ್ನು ಬಯಲು ಮಾಡಿದರೆ ನಮ್ಮ ಹುಡುಗರು ಸಾಯುತ್ತಾರೆ ಎನ್ನುವುದು ಅದರ ಸಾರ. ಸಂಕೇತ ಓದುತ್ತಿದ್ದೂ ದಾಳಿ ತಡೆಯಲಿಲ್ಲ ಅಂತ ರೂಸ್‌ವೆಲ್ಟ್ ಅವರನ್ನು ಕಟ್ಟಿಹಾಕಲು ಡ್ಯೂಯಿ ಕೈಯಲ್ಲಿದ್ದ ದೊಡ್ಡ ಅಸ್ತ್ರವೇ ಅದು. ಅವರು ಬಾಯಿ ಬಿಡಲಿಲ್ಲ. ನವೆಂಬರ್‌ನಲ್ಲಿ ಸೋತರು. ಆ ಮನುಷ್ಯನಿಗೆ ನಾನೂ ಕೈಮುಗಿಯುತ್ತೇನೆ.

ಆದರೆ ಮಾರ್ಷಲ್ ಕೇಳಿಕೊಂಡದ್ದು ಒಂದು ಗುಟ್ಟನ್ನು ಕಾಪಾಡಿ ಅಂತ. ಯುದ್ಧದ ಸುದ್ದಿಯನ್ನೇ ಎತ್ತಬೇಡಿ ಅಂತ ಅವರು ಹೇಳಲಿಲ್ಲ. ಅದೇ ಚುನಾವಣೆಯಲ್ಲಿ, ಮುಂದೆ ಕಟ್ಟಲಿದ್ದ ವಿಶ್ವಸಂಸ್ಥೆಗೆ ಸೈನ್ಯ ಬಳಸುವ ಅಧಿಕಾರ ಇರಬೇಕೇ ಎಂಬ ಪ್ರಶ್ನೆ ಎದ್ದಿತ್ತು. ಅಕ್ಟೋಬರ್ 21ರ ಭಾಷಣದಲ್ಲಿ ರೂಸ್‌ವೆಲ್ಟ್ ನೇರವಾಗಿ ಉತ್ತರ ಕೊಟ್ಟರು. ಕಳ್ಳ ಮನೆಗೆ ನುಗ್ಗುವುದು ಕಣ್ಣೆದುರೇ ಕಂಡರೂ, ಹಿಡಿಯಲು ಅಪ್ಪಣೆ ಬೇಕು ಅಂತ ಪೊಲೀಸಿನವನು ಊರ ಸಭೆ ಕರೆಯಲು ಹೋದರೆ ಆಗುತ್ತದೆಯೇ ಎಂದು ಕೇಳಿದರು. ಜಪಾನ್, ಜರ್ಮನಿ ಎರಡರ ಜೊತೆಗೂ ಯುದ್ಧ ನಡೆಯುತ್ತಿದ್ದ ಹೊತ್ತು ಅದು. ಮತ ಹಾಕುವ ಮೊದಲು ಜನ ಇಬ್ಬರ ನಿಲುವನ್ನೂ ತೂಗಿ ನೋಡಿದರು. ಅಮೆರಿಕ ಅದರಿಂದ ಸೋಲಲಿಲ್ಲ.

ಗುಟ್ಟನ್ನು ಕಾಪಾಡುವುದು ಬೇರೆ, ಪ್ರಶ್ನೆಯನ್ನೇ ತಡೆಯುವುದು ಬೇರೆ. ನೀವು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ. ನನ್ನ ತಕರಾರು ಇರುವುದು ಅಲ್ಲಿ.

ಎಲ್ಲವನ್ನೂ ಮುಚ್ಚಿಟ್ಟರೆ ಸುಳ್ಳು ಭಯ ಬೆಳೆಯುತ್ತದೆ. 1960ರಲ್ಲಿ ಕೆನಡಿ ಪ್ರಚಾರದ ಉದ್ದಕ್ಕೂ ಹೇಳಿದ್ದು, ಕ್ಷಿಪಣಿಗಳಲ್ಲಿ ರಷ್ಯಾ ನಮ್ಮನ್ನು ಹಿಂದೆ ಹಾಕುತ್ತಿದೆ ಅಂತ. ಯು-2 ಬೇಹುಗಾರಿಕೆ ವಿಮಾನಗಳು ತೆಗೆದ ಚಿತ್ರ ನೋಡಿದ್ದ ಆಗಿನ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಈ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಆದರೆ ಆ ಚಿತ್ರಗಳನ್ನು ಜನರ ಮುಂದೆ ಇಡುವಂತಿರಲಿಲ್ಲ. ಕೆನಡಿ ಗೆದ್ದರು. 1961ರ ಫೆಬ್ರವರಿಯಲ್ಲಿ ಅವರದೇ ರಕ್ಷಣಾ ಮಂತ್ರಿ ಮೆಕ್‌ನಮಾರಾ, ಹಿಂದೆ ಬಿದ್ದಿದ್ದೇವೆ ಅನ್ನುವುದಕ್ಕೆ ಆಧಾರವಿಲ್ಲ ಎಂದು ಪತ್ರಕರ್ತರ ಎದುರು ಹೇಳಿಬಿಟ್ಟರು. ಅಷ್ಟು ಹೊತ್ತಿಗೆ ಮತ ಎಣಿಕೆ ಮುಗಿದು ಮೂರು ತಿಂಗಳಾಗಿತ್ತು.

ಈಗ 1964ಕ್ಕೆ ಬನ್ನಿ. ನನ್ನ ಹೊಟ್ಟೆ ಉರಿಯುವುದು ಈ ವರ್ಷಕ್ಕೆ. ಸೆಪ್ಟೆಂಬರ್ 7ರ ರಾತ್ರಿ ಅಧ್ಯಕ್ಷ ಜಾನ್ಸನ್ ಪರವಾಗಿ ಟಿವಿಯಲ್ಲಿ ಒಂದು ನಿಮಿಷದ ಜಾಹೀರಾತು ಬಂತು. ಪುಟ್ಟ ಹುಡುಗಿ ಹೂವಿನ ಎಸಳು ಕೀಳುತ್ತಾ ಎಣಿಸುತ್ತಾಳೆ. ಆ ವಯಸ್ಸಿನ ಮಕ್ಕಳಂತೆ ನಡುನಡುವೆ ಲೆಕ್ಕ ತಪ್ಪುತ್ತಾಳೆ. ಅವಳ ದನಿ ನಿಂತು ಗಂಡಸಿನ ದನಿ ಹತ್ತರಿಂದ ಹಿಂದಕ್ಕೆ ಎಣಿಸುತ್ತದೆ. ಅವಳ ಕಣ್ಣಿನೊಳಗೆ ಬಾಂಬಿನ ಬೆಂಕಿ ಏಳುತ್ತದೆ. ಎದುರಾಳಿ ಗೋಲ್ಡ್‌ವಾಟರ್ ಹೆಸರೇ ಇಲ್ಲ, ಅವರು ಬಂದರೆ ಅಣುಯುದ್ಧ ಅನ್ನುವ ಸೂಚನೆ ಮಾತ್ರ. ದುಡ್ಡು ಕೊಟ್ಟು ಹಾಕಿಸಿದ್ದು ಒಂದೇ ಸಲ, ಹೆದರಿಸಲು ಅಷ್ಟೇ ಸಾಕಾಯಿತು.

ಇದೇ ಜಾನ್ಸನ್ ಅಕ್ಟೋಬರ್ 21ರಂದು ಒಹಾಯೋದ ಆಕ್ರನ್‌ನಲ್ಲಿ ಜನರಿಗೆ ಮಾತು ಕೊಟ್ಟರು: ಏಷ್ಯಾದ ಹುಡುಗರು ತಾವೇ ಮಾಡಬೇಕಾದ ಕೆಲಸಕ್ಕೆ ನಮ್ಮ ಹುಡುಗರನ್ನು ಒಂಬತ್ತು ಹತ್ತು ಸಾವಿರ ಮೈಲಿ ದೂರ ಕಳಿಸುವುದಿಲ್ಲ ಅಂತ. 1965ರ ಮಾರ್ಚ್ 8ರಂದು ಅಮೆರಿಕದ ಮರೀನ್ ಪಡೆ ವಿಯೆಟ್ನಾಮಿನ ಡಾ ನಾಂಗ್ ಕಡಲ ತೀರದಲ್ಲಿ ಇಳಿಯಿತು. ನಡುವೆ ಐದು ತಿಂಗಳೂ ಇಲ್ಲ.

ಆ ಚುನಾವಣೆಯಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ‘ಪರಿಸ್ಥಿತಿ ಕೆಟ್ಟರೆ ಕಳಿಸ್ತೀರೋ ಇಲ್ಲವೋ’ ಅಂತ ಕೇಳುವ ಚರ್ಚೆ ಒಂದೂ ನಡೆಯಲಿಲ್ಲ. 1968ರಲ್ಲೂ ಇಲ್ಲ, 1972ರಲ್ಲೂ ಇಲ್ಲ. ಕೆನಡಿ ಮತ್ತು ನಿಕ್ಸನ್ 1960ರಲ್ಲಿ ನಾಲ್ಕು ಸಲ ಎದುರಾದ ಮೇಲೆ ಹದಿನಾರು ವರ್ಷ ಆ ವೇದಿಕೆ ಖಾಲಿ. ಲೆಕ್ಕ ಹಾಕಿ ನೋಡಿ, ವಿಯೆಟ್ನಾಂ ಯುದ್ಧದ ಮೂರು ಚುನಾವಣೆಗಳೂ ಅದರೊಳಗೇ ಬರುತ್ತವೆ. ಅಮೆರಿಕದ 58,000ಕ್ಕೂ ಜಾಸ್ತಿ ಹುಡುಗರು ಸತ್ತರು. ವಿಯೆಟ್ನಾಮಿನವರು ಲಕ್ಷಗಟ್ಟಲೆ. ಚರ್ಚೆ ಆಗಿದ್ದರೆ ಯುದ್ಧವೇ ನಡೆಯುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಕೇಳಬೇಕಾದ ಹೊತ್ತಲ್ಲಿ ಮುಖಾಮುಖಿ ಕೇಳಲಿಲ್ಲ ಅನ್ನುವುದಷ್ಟೇ ನನ್ನ ಸಂಕಟ. ನೀವು ಕೇಳುತ್ತಿರುವ ಮೌನ ಇದೆಯಲ್ಲ, ಅದನ್ನು ಅಮೆರಿಕ ಒಮ್ಮೆ ಅನುಭವಿಸಿದೆ.

ಹೈಸ್ಕೂಲಿನಲ್ಲಿ ನಮ್ಮನ್ನು ಚರ್ಚಾ ಸ್ಪರ್ಧೆಗೆ ತಯಾರು ಮಾಡುತ್ತಿದ್ದ ಕನ್ನಡ ಮೇಷ್ಟ್ರು ನೆನಪಾಗುತ್ತಾರೆ. ಬಾಯಿಪಾಠ ಮಾಡಿದ್ದನ್ನು ನಾವು ಗಟ್ಟಿಯಾಗಿ ಒಪ್ಪಿಸಿ ಬೀಗುತ್ತಿದ್ದೆವು. ಅವರು ಕನ್ನಡಕ ಮೇಲೇರಿಸಿ ‘ಅಂದ್ರೆ?’ ಅನ್ನುತ್ತಿದ್ದರು. ಏನೋ ಹೇಳಿದರೆ ಮತ್ತೆ ‘ಅಂದ್ರೆ?’ ಮೂರನೇ ಸಲಕ್ಕೆ ನಮ್ಮ ಬಣ್ಣ ಬಯಲು. ನಮಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎರಡೂ ಅಲ್ಲೇ ತಿಳಿದುಬಿಡುತ್ತಿತ್ತು.

1976ರ ಅಕ್ಟೋಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಚುನಾವಣಾ ಚರ್ಚೆಯಲ್ಲಿ ಆ ‘ಅಂದ್ರೆ?’ ಕೇಳಿದವರು ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಕ್ಸ್ ಫ್ರಾಂಕೆಲ್. ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲವೇ ಇಲ್ಲ ಎಂದು ಅಧ್ಯಕ್ಷ ಫೋರ್ಡ್ ಹೇಳಿದರು. ಫ್ರಾಂಕೆಲ್‌ಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಕ್ಷಮಿಸಿ, ನೀವು ಹೇಳಿದ್ದು ನನಗೆ ಸರಿಯಾಗಿ ಅರ್ಥವಾಯಿತೇ, ರಷ್ಯಾ ತನ್ನ ಸೈನ್ಯ ಇಟ್ಟುಕೊಂಡು ಆ ದೇಶಗಳನ್ನು ಹಿಡಿದಿಟ್ಟಿಲ್ಲವೇ ಎಂದು ಮತ್ತೆ ಕೇಳಿದರು. ತಿದ್ದಿಕೊಳ್ಳಲು ಅದು ಒಳ್ಳೆಯ ಅವಕಾಶ. ಫೋರ್ಡ್ ಹಟಕ್ಕೆ ಬಿದ್ದರು. ಯುಗೊಸ್ಲಾವಿಯಾ, ರುಮೇನಿಯಾ, ಪೋಲೆಂಡ್ ಜನ ಹಾಗೆ ಅಂದುಕೊಂಡಿಲ್ಲ ಎಂದರು. ತಪ್ಪು ಒಪ್ಪಿಕೊಳ್ಳಲು ಹೆಚ್ಚುಕಡಿಮೆ ಒಂದು ವಾರ ಹಿಡಿಯಿತು. ಈ ಮಾತಿನಿಂದ ಮಾಸ್ಕೋಗೆ ಯಾವ ಗುಟ್ಟು ಸಿಕ್ಕಿತು ಹೇಳಿ? ಒತ್ತಡ ಬಿದ್ದಾಗ ತಮ್ಮ ಅಧ್ಯಕ್ಷರು ತಪ್ಪನ್ನು ತಿದ್ದಿಕೊಳ್ಳುತ್ತಾರೋ ಇಲ್ಲವೋ ಎನ್ನುವುದು ಮತದಾರರಿಗೆ ಮಾತ್ರ ಚೆನ್ನಾಗಿ ಗೊತ್ತಾಯಿತು.

ಬೇಜಾರಿನ ಸಂಗತಿ ಏನೆಂದರೆ, ಪ್ರಶ್ನೆ ಕೇಳಿದರೂ ಅದನ್ನು ಹಿಡಿದು ಕೂರುವ ತಾಳ್ಮೆ ಜನರಿಗೆ ಕಡಿಮೆ. 1984ರಲ್ಲಿ ಕಾನ್ಸಾಸ್ ಸಿಟಿಯ ಚರ್ಚೆಯಲ್ಲಿ ರೇಗನ್ ಅವರಿಗೆ ಹಾಕಿದ ಪ್ರಶ್ನೆ ಯಾರಿಗೆ ನೆನಪಿದೆ? ಕ್ಯೂಬಾದಲ್ಲಿ ರಷ್ಯಾ ಕ್ಷಿಪಣಿ ಇಟ್ಟ 1962ರ ಬಿಕ್ಕಟ್ಟಿನಲ್ಲಿ ಕೆನಡಿ ದಿನಗಟ್ಟಲೆ ಸರಿಯಾಗಿ ನಿದ್ದೆ ಮಾಡಲಿಲ್ಲ, ಅಂಥ ಹೊತ್ತು ಬಂದರೆ ನಿಮ್ಮ ಕೈಲಾಗುತ್ತದೆಯೇ ಅಂತ. ಅಣುಬಾಂಬಿನ ಕೀಲಿ ಹಿಡಿದಿದ್ದ 73 ವರ್ಷದ ಅಧ್ಯಕ್ಷರಿಗೆ ಕೇಳಲೇಬೇಕಾದ ಪ್ರಶ್ನೆ. ಎದುರಾಳಿಯ ಎಳೆ ವಯಸ್ಸು ಮತ್ತು ಅನನುಭವವನ್ನು ನಾನು ಚುನಾವಣೆಯ ವಿಷಯ ಮಾಡುವುದಿಲ್ಲ ಎಂದು ರೇಗನ್ ತಮಾಷೆ ಮಾಡಿದರು. ಸಭೆ ನಕ್ಕಿತು, ಎದುರಾಳಿ ಮೊಂಡೇಲ್ ಕೂಡ ನಕ್ಕರು. ಆ ನಗು ಇವತ್ತಿಗೂ ಓಡಾಡುತ್ತಿದೆ, ಪ್ರಶ್ನೆ ಅಲ್ಲೇ ಸತ್ತುಹೋಯಿತು. ಈಗಂತೂ ಉತ್ತರಕ್ಕೆ ಎರಡು ನಿಮಿಷ, ಆಮೇಲೆ ಫೋನಿನಲ್ಲಿ ಹರಿದಾಡುವ ಅರ್ಧ ನಿಮಿಷದ ತುಣುಕು. ಯಾರು ಗೆದ್ದರು ಅಂತ ತೀರ್ಪು. ನಮ್ಮ ಶಾಲೆಗಳ ಚರ್ಚಾ ಸ್ಪರ್ಧೆಯಲ್ಲೂ ಜೋರಾಗಿ ಕೂಗಿದ ಮಗುವಿಗೇ ಬಹುಮಾನ. ಪರದೇಶದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಿಗೆ ಹೋದರೆ ಮೊದಲ ನಿಯಮವೇ ‘ರಾಜಕೀಯ ಬೇಡ’. ಅಲ್ಲಿ ಹುಟ್ಟಿದ ಮಕ್ಕಳು ನಾಳೆ ಅಲ್ಲಿನ ಸೈನ್ಯ ಸೇರುತ್ತಾರೆ, ಅಲ್ಲೇ ಮತ ಹಾಕುತ್ತಾರೆ. ಅವರು ಎಲ್ಲಿ ಮಾತಾಡಬೇಕು? ನಾಲ್ಕು ಪುಟ ಉದ್ದವಾಯಿತು, ಒಂದು ಪುಟಕ್ಕೆ ಇಳಿಸಿ ಅಂತ ನನಗೂ ವಾರಕ್ಕೆರಡು ಕಾಗದ ಬರುತ್ತವೆ. ಇಳಿಸುವುದಿಲ್ಲ.

ನೀವು ನೋಡಿದ ಚರ್ಚೆಗೇ ಬರುತ್ತೇನೆ. ನಮಗೆ ಅದು ಬೆಳಗ್ಗೆ ಆರೂವರೆ, ನಾನೂ ಟಿವಿ ಮುಂದೆ ಕೂತಿದ್ದೆ. ಉಕ್ರೇನ್ ಗೆಲ್ಲಬೇಕೆಂದು ಬಯಸುತ್ತೀರಾ ಎಂದು ಟ್ರಂಪ್ ಅವರನ್ನು ಕೇಳಿದರು. ಯುದ್ಧ ನಿಲ್ಲಬೇಕು ಎಂದರು. ಇನ್ನೊಮ್ಮೆ ಕೇಳಿದರೂ ಹೌದು ಅಥವಾ ಇಲ್ಲ ಬರಲಿಲ್ಲ. ಅಫ್ಘಾನಿಸ್ತಾನದಿಂದ ಸೈನ್ಯ ವಾಪಸ್ ಬಂದ ರೀತಿಯಲ್ಲಿ ನಿಮ್ಮ ಹೊಣೆಯೂ ಇದೆಯೇ ಎಂದು ಆಗ ಉಪಾಧ್ಯಕ್ಷೆಯಾಗಿದ್ದ ಹ್ಯಾರಿಸ್ ಅವರನ್ನು ಕೇಳಿದರು. ವಾಪಸ್ ಕರೆಸುವ ಬೈಡನ್ ನಿರ್ಧಾರವನ್ನು ಒಪ್ಪಿದ್ದೆ ಎಂದು ಹೇಳಿ, ಟ್ರಂಪ್ ತಾಲಿಬಾನ್ ಜೊತೆ ಮಾಡಿಕೊಂಡ ಒಪ್ಪಂದದ ಕಡೆ ತಿರುಗಿದರು. 2021ರ ಆಗಸ್ಟ್ 26ರಂದು ಕಾಬೂಲ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಸತ್ತ 13 ಮಂದಿ ಅಮೆರಿಕನ್ ಸೈನಿಕರ ಅಪ್ಪ ಅಮ್ಮಂದಿರು ಕೇಳಬೇಕಿದ್ದ ಪ್ರಶ್ನೆ ಅದು. ಇಬ್ಬರೂ ಜಾರಿಕೊಂಡರು, ದೇಶವಿಡೀ ಅದನ್ನು ನೋಡಿತು. ಪ್ರಶ್ನೆಯನ್ನೇ ಕೇಳಬಾರದು ಅಂತ ಅಪ್ಪಣೆ ಇದ್ದಿದ್ದರೆ ಇಷ್ಟೂ ಕಾಣುತ್ತಿರಲಿಲ್ಲ.

ಸುಬೇದಾರರೇ, ನಿಮ್ಮ ಕಾಗದದ ಐದನೇ ಪುಟದಲ್ಲಿ ಒಂದು ಸಾಲಿದೆ. ನೀವು ಅದನ್ನು ದೂರಿನ ಹಾಗೆ ಬರೆದಿದ್ದೀರಿ. ನಿಮ್ಮ ಹತ್ತು ವರ್ಷದ ಮೊಮ್ಮಗಳು ‘ತಾತ, ಅವರು ಕೇಳಿದ್ದಕ್ಕೆ ಯಾಕೆ ಉತ್ತರ ಕೊಡ್ತಿಲ್ಲ?’ ಅಂದಳಂತೆ. ದೊಡ್ಡವರ ವಿಷಯ, ಸುಮ್ನೆ ಕೂತ್ಕೋ ಅಂತ ನೀವು ಗದರಿದಿರಂತೆ. 28 ವರ್ಷ ಗಡಿಯಲ್ಲಿದ್ದವರು, ಆಜ್ಞೆ ಕೊಡುವವರ ಮಾತಿಗೆ ಪ್ರಾಣವೇ ಪಣ ಅಂತ ಬಲ್ಲವರು, ಆ ಮಗುವನ್ನು ಗದರಿದ್ದು ನನಗೆ ನೋವಾಯಿತು. ಮುಂದಿನ ಸಲ ಫೋನು ಮಾಡಿದಾಗ ಅವಳನ್ನು ಕರೆಸಿ ಮಾತಾಡಿ. ಅವಳು ಏನು ಕೇಳಿದಳು, ನೀವೇನು ಹೇಳಿದಿರಿ ಅಂತ ಬರೆದು ಕಳಿಸಿ. ಎಷ್ಟು ಪುಟವಾದರೂ ಸರಿ, ಹಾಕುತ್ತೇನೆ.